ಬಾವಿನೀರಿನಲ್ಲಿ ಪೆಟ್ರೋಲ್ ವಾಸನೆ: ಬ್ಲೀಚಿಂಗ್ ಪೌಡರ್ ಹಾಕಿದರೆ ಮುಗಿಯಿತೇ?

ತೆಂಕಮನೆ (ಉಡುಪಿ ಜಿಲ್ಲೆ):
ನಮ್ಮದು ಹನ್ನೆರಡು ಕೋಲು ಆಳದ ಮುರಕಲ್ಲಿನ ಬಾವಿ. ಅಜ್ಜ ತೋಡಿಸಿದ್ದು, ಮೇ ತಿಂಗಳಲ್ಲೂ ಬತ್ತಿದ್ದಿಲ್ಲ. ಈ ಸಲ ಮಳೆ ಹಿಡಿದು ಎರಡು ವಾರವಾಗಿತ್ತು. ಅಮ್ಮ ಕೊಡಪಾನ ಕೆಳಗಿಟ್ಟು, "ನೀರು ಸ್ಕೂಟರಿನ ಹಾಗೆ ನಾರುತ್ತಿದೆ" ಎಂದರು. ಮೂಸಿದೆ, ಪೆಟ್ರೋಲೇ. ರಸ್ತೆಯಾಚೆ ಸುಮಾರು 80 ಮೀಟರ್ ದೂರದಲ್ಲಿ ಬಂಕ್ ಇದೆ. ಅವರು ಟ್ಯಾಂಕರ್ ನೀರು ಕಳುಹಿಸುತ್ತಿದ್ದಾರೆ. ಬಾವಿಯನ್ನು ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿಕೊಡುತ್ತೇವೆ, ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಎನ್ನುತ್ತಾರೆ. ಪಂಚಾಯತಿಯಲ್ಲಿ ಕೇಳಿದರೆ "ಇದು ನಮ್ಮ ಕೈಯಲ್ಲಿಲ್ಲ." ಸಹಿ ಮಾಡಲೇ? ಇಂಥ ನೀರನ್ನು ಶುದ್ಧ ಮಾಡಲು ಯಾರ ಅನುಮತಿ ಬೇಕು?

ಗದ್ದೆಬದಿ:
ನಮ್ಮ ಬಾವಿಗೆ ನಾಯಿ ಬಿದ್ದಾಗ ಹೀಗೇ ಖಾಲಿ ಮಾಡಿ ಬ್ಲೀಚಿಂಗ್ ಹಾಕಿದೆವು, ವಾರದಲ್ಲಿ ಸರಿಯಾಯಿತು. ಕೊಡುವುದನ್ನು ಮಾಡಿಸಿಕೊಳ್ಳಿ. ಕಚೇರಿ ಸುತ್ತಿದರೆ ಚಪ್ಪಲಿ ಸವೆಯುತ್ತದೆ, ಅಷ್ಟೇ.

ಮಣ್ಣುಗಾರ:
ಊರು ಕುಂದಾಪುರ, ಕೆಲಸ ಕ್ಯಾಲಿಫೋರ್ನಿಯಾದಲ್ಲಿ. ಹದಿನಾಲ್ಕು ವರ್ಷದಿಂದ ಸೋರಿದ ಪೆಟ್ರೋಲ್ ಟ್ಯಾಂಕುಗಳ ಸುತ್ತ ಬಾವಿ ಕೊರೆಸುವುದೇ ನನ್ನ ಅನ್ನ.

ಗದ್ದೆಬದಿಯವರೇ, ನಾಯಿಯ ಮದ್ದು ಪೆಟ್ರೋಲಿಗೆ ನಾಟುವುದಿಲ್ಲ. ಬ್ಲೀಚಿಂಗ್ ಪೌಡರ್ ಕ್ರಿಮಿಗಳನ್ನು ಕೊಲ್ಲುತ್ತದೆ, ಪೆಟ್ರೋಲಿನಲ್ಲಿರುವ ಕ್ಯಾನ್ಸರ್‌ಕಾರಕ ಬೆಂಜೀನನ್ನಲ್ಲ. ಬಾವಿ ಬರಿದು ಮಾಡುವುದು ಇನ್ನೂ ಕೆಟ್ಟದ್ದು: ಇಲ್ಲಿ ಮಟ್ಟ ಇಳಿದಷ್ಟೂ ಬಂಕಿನ ಕಡೆಯ ನೀರು ಇತ್ತ ಎಳೆದುಕೊಳ್ಳುತ್ತದೆ. ತೊಳೆಯಲು ಆಳು ಇಳಿಸಿದರೆ ಆವಿಗೆ ಉಸಿರುಗಟ್ಟಿ ಅವನ ಜೀವ ಹೋದೀತು. ಪೆಟ್ರೋಲ್ ನೀರಿನ ಮೇಲೆ ತೇಲುವ ವಸ್ತು. ಬೇಸಿಗೆಯಲ್ಲಿ ಜಲಮಟ್ಟದ ಜೊತೆ ಇಳಿಯುತ್ತಾ ಮುರಕಲ್ಲಿನ ತೂತುಗಳಲ್ಲಿ ಅಂಟಿ ಕೂರುತ್ತದೆ, ಮಳೆಗೆ ನೀರು ಏರಿದಾಗ ಮತ್ತೆ ನೀರಿಗೆ ಬಿಡುತ್ತದೆ. ಅಮ್ಮನಿಗೆ ಈಗ ವಾಸನೆ ಬಂದದ್ದು ಬಹುಶಃ ಅದಕ್ಕೇ.

ಈ ನೀರನ್ನು ಕುದಿಸಬೇಡಿ, ಬೆಂಜೀನ್ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಬಚ್ಚಲ ಹಂಡೆಗೆ ತುಂಬಿಸಿ ಒಲೆ ಉರಿಸುವುದಂತೂ ಬೇಡವೇ ಬೇಡ. ವಾಸನೆ ಹೋಯಿತೆಂದು ಕುಡಿಯಲೂಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಬೆಂಜೀನ್ ಮೂಗಿಗೆ ತಿಳಿಯುವ ಹೊತ್ತಿಗೆ ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ.

ಮಾದರಿಯನ್ನು ಬಿಸ್ಲೇರಿ ಬಾಟಲಿಯಲ್ಲಿ ಕೊಟ್ಟರೆ ವರದಿ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ದಾರಿಯಲ್ಲೇ ಅರ್ಧ ಹಾರಿಹೋಗಿರುತ್ತದೆ! ಪ್ರಯೋಗಾಲಯದಿಂದ 40 ಮಿಲಿಯ ಗಾಜಿನ ಸೀಸೆ ತರಿಸಿ. ನೀರು ಬಾಯಿಯ ಮೇಲೆ ಉಬ್ಬಿ ನಿಲ್ಲುವವರೆಗೆ ತುಂಬಿ, ಮುಚ್ಚಿ, ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ. ಒಂದು ಗುಳ್ಳೆ ಕಂಡರೂ ಮತ್ತೆ ತುಂಬಬೇಕು. ನಂತರ ಮಂಜುಗಡ್ಡೆಯಲ್ಲಿಟ್ಟು ಕಳುಹಿಸಿ.

ಅನುಮತಿಯ ವಿಷಯ. ಬಾವಿಯಿಂದ ಎತ್ತಿದ ನೀರನ್ನು ತೋಡಿಗೆ ಬಿಟ್ಟರೆ 1974ರ ಜಲ ಕಾಯ್ದೆಯ 24ನೇ ಕಲಮಿನ ಉಲ್ಲಂಘನೆ. ಶುದ್ಧೀಕರಿಸಿ ಬಿಡುವುದಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಟ್ಯಾಂಕ್ ಅಗೆಯುವ ಮಾತು ಬಂದರೆ ಸ್ಫೋಟಕ ಸುರಕ್ಷತಾ ಸಂಸ್ಥೆಯಾದ ಪೆಸೊ ಬರುತ್ತದೆ. 2025ರಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆಂದೇ ಕೇಂದ್ರದ ನಿಯಮಗಳು ಬಂದಿವೆ. ಶಂಕಿತ ತಾಣವನ್ನು ಗುರುತಿಸುವ ಹೊಣೆ ಸ್ಥಳೀಯ ಸಂಸ್ಥೆ, ಜಿಲ್ಲಾಡಳಿತಗಳ ಮೇಲೂ ಇದೆ. ಹಾಗಾಗಿ ಪಂಚಾಯತಿಯ ಉತ್ತರವನ್ನು ಬರೆಹದಲ್ಲಿ ಕೇಳಿ, ಜಿಲ್ಲಾಧಿಕಾರಿಗೂ ಮಂಡಳಿಗೂ ಅರ್ಜಿ ಕೊಡಿ.

ಯೋಜನೆ ಎಂದರೆ ಮೊದಲು ಸೋರಿಕೆ ನಿಲ್ಲಬೇಕು. ಆಮೇಲೆ ಕನಿಷ್ಠ ಮೂರು ವೀಕ್ಷಣಾ ಬಾವಿಗಳು, ಅಂದರೆ ನೀರಿನ ಮಟ್ಟ ಅಳೆಯಲು, ಮಾದರಿ ತೆಗೆಯಲು ಕೊರೆಯುವ ಸಣ್ಣ ಬಾವಿಗಳು. ಎರಡರಿಂದ ನೀರು ಹರಿಯುವ ದಿಕ್ಕು ತಿಳಿಯುವುದಿಲ್ಲ. ಮಳೆಗಾಲ, ಬೇಸಿಗೆ ಎರಡರಲ್ಲೂ ಅಳೆದ ಮೇಲಷ್ಟೇ ತೇಲುವ ಎಣ್ಣೆ ತೆಗೆಯುವುದೋ ಗಾಳಿ ಊದಿ ಆವಿ ಹೀರುವುದೋ ಎಂಬ ಚರ್ಚೆ. ವಾರದ ಕೆಲಸವಲ್ಲ, ವರ್ಷಗಳದ್ದು.

ತೆಂಕಮನೆ:
ಉಪಕಾರವಾಯಿತು. ಒಪ್ಪಿಗೆ ಪತ್ರವನ್ನು ಈಗ ಸರಿಯಾಗಿ ಓದಿದೆ. ಮೂರನೇ ಸಾಲಿನಲ್ಲಿ "ಮುಂದೆ ಯಾವ ತಕರಾರೂ ಇರುವುದಿಲ್ಲ" ಎಂದಿದೆ. ಸಹಿ ಮಾಡುವುದಿಲ್ಲ. ಅಪ್ಪ ಪಂಪಿನ ಫ್ಯೂಸ್ ಕಿತ್ತು ದೇವರ ಗೂಡಿನಲ್ಲಿಟ್ಟಿದ್ದಾರೆ. ಸೀಸೆ ಮಂಗಳೂರಿನಲ್ಲಿ ಸಿಗಬಹುದೇ?