ಪದಚರ್ಚೆ: ‘ಸೆಕ್ಷನ್ ವ್ಯೂ’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಗೆ ಬೇಕು

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರಿನಿಂದ:

ಗೆಳೆಯರೇ, ಸ್ವಲ್ಪ ಅವಸರ ಇದೆ. ನಮ್ಮ ವರ್ಕ್‌ಶಾಪಿನ ಗೋಡೆಗೆ ಒಂದು ದೊಡ್ಡ ಬೋರ್ಡ್ ಮಾಡಿಸುತ್ತಿದ್ದೇನೆ. ಡ್ರಾಯಿಂಗ್ ಓದೋದು ಹೇಗೆ ಅಂತ, ಪೂರ್ತಿ ಕನ್ನಡದಲ್ಲಿ. ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆ ಆರಕ್ಕೆ ಫೈಲ್ ಕೇಳಿದ್ದಾರೆ.

ನಾವು ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡೋ ತಂತ್ರಾಂಶ ಫ್ರೀಕ್ಯಾಡ್‌ನಲ್ಲಿ ಮೊದಲು ಬಿಡಿಭಾಗದ ಮಾದರಿ ಕಟ್ಟುತ್ತೇವೆ. ಆಮೇಲೆ ಅದರಲ್ಲೇ ಹಾಳೆ ಬಿಡಿಸೋ ಭಾಗವಾದ ಟೆಕ್‌ಡ್ರಾದಲ್ಲಿ ಹಾಳೆ ತೆರೆದು ಆ ಮಾದರಿಯಿಂದಲೇ ನೋಟಗಳನ್ನು ಇಳಿಸುತ್ತೇವೆ. ಅಳತೆಯನ್ನೂ ಮಾದರಿಯಿಂದಲೇ ತೆಗೆಯಬೇಕು, ಕೈಯಲ್ಲಿ ಟೈಪ್ ಮಾಡಬಾರದು. ಮಾದರಿಯಲ್ಲಿ 40 ಮಿ.ಮೀ. ತೂತನ್ನು 42 ಮಾಡಿದರೆ ಹಾಳೆಯ ಮೇಲೂ 42 ಆಗುತ್ತದೆ. ಕೈಯಲ್ಲಿ ಬರೆದಿದ್ದರೆ 40 ಹಾಗೇ ಉಳಿಯುತ್ತದೆ. ಲೇತ್ ಮುಂದೆ ನಿಂತ ಹುಡುಗ ಅದನ್ನೇ ನಂಬುತ್ತಾನೆ.

ಬೋರ್ಡ್ ಯಾಕೆ ಅಂದರೆ, ನೋಟಗಳನ್ನು ಹಾಳೆಯಲ್ಲಿ ಜೋಡಿಸೋಕೆ ಫಸ್ಟ್ ಆ್ಯಂಗಲ್, ಥರ್ಡ್ ಆ್ಯಂಗಲ್ ಅಂತ ಎರಡು ಕ್ರಮ ಇವೆ. ಹೋದ ವರ್ಷ ಹೊರಗಿನಿಂದ ಬಂದ ಒಂದು ಡ್ರಾಯಿಂಗ್ ಥರ್ಡ್ ಆ್ಯಂಗಲ್‌ನಲ್ಲಿತ್ತು. ನಮ್ಮ ದೇಶದ ಎಸ್‌ಪಿ 46 (ಡ್ರಾಯಿಂಗ್ ಬಗ್ಗೆ ಭಾರತೀಯ ಮಾನಕ ಸಂಸ್ಥೆಯ ಕೈಪಿಡಿ) ಹೇಳೋದು ಫಸ್ಟ್ ಆ್ಯಂಗಲ್. ಅದರಲ್ಲಿ ಮೇಲಿನಿಂದ ಕಂಡದ್ದು ಎದುರುನೋಟದ ಕೆಳಗೆ ಬರುತ್ತದೆ, ಎಡದಿಂದ ಕಂಡದ್ದು ಬಲಕ್ಕೆ. ಥರ್ಡ್‌ನಲ್ಲಿ ಮೇಲಿನದು ಮೇಲೇ, ಎಡದ್ದು ಎಡಕ್ಕೇ. ಯಾವ ಕ್ರಮ ಅಂತ ಹೇಳೋ ಮೂಲೆಯ ಗುರುತನ್ನು ಹುಡುಗ ನೋಡಲಿಲ್ಲ. ಸ್ಲಾಟ್ ತಪ್ಪು ಬದಿಗೆ ಬಿತ್ತು. ಹನ್ನೆರಡು ಪೀಸ್ ಗುಜರಿಗೆ ಹೋಯಿತು. ಅವನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಇದನ್ನೆಲ್ಲ ಅವನ ಮಾತಿನಲ್ಲಿ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಫ್ರಂಟ್ ವ್ಯೂಗೆ ‘ಮುನ್ನೋಟ’ ಅನ್ನೋಣ ಅಂದರೆ ಅದು ಮುಂದಾಗೋದನ್ನು ಕಾಣೋದು. ಟಾಪ್ ವ್ಯೂಗೆ ‘ಮೇಲ್ನೋಟ’ ಅಂದರೆ ‘ಮೇಲ್ನೋಟಕ್ಕೆ ಸರಿ ಅನ್ನಿಸುತ್ತೆ’ ಅನ್ನೋ ಮಾತು ಅಡ್ಡ ಬರುತ್ತದೆ. ಅದಕ್ಕೆ ಎದುರುನೋಟ, ಮೇಲಿನ ನೋಟ, ಪಕ್ಕದ ನೋಟ ಅಂತ ಇಟ್ಟಿದ್ದೇನೆ. ಸಿಕ್ಕಿಕೊಂಡಿರೋದು ಸೆಕ್ಷನ್ ವ್ಯೂ, ಅಂದರೆ ಬಿಡಿಭಾಗವನ್ನು ಕತ್ತರಿಸಿದ ಹಾಗೆ ಒಳಗನ್ನು ತೋರಿಸೋ ನೋಟ. ‘ಛೇದನೋಟ’ ಅಂತ ಬರೆದಿದ್ದೇನೆ. ಸರಿಯಾ?

ಸರಸ್ವತಿಪುರಂನಿಂದ (ನಿವೃತ್ತ ಕನ್ನಡ ಮೇಷ್ಟ್ರು):

ಸರಿಯಲ್ಲ. ‘ಛೇದನೋಟ’ ಅರಿಸಮಾಸ, ಸಂಸ್ಕೃತಕ್ಕೂ ಕನ್ನಡಕ್ಕೂ ಹಾಕಿದ ಗಂಟು. ಅದೂ ಅಲ್ಲದೆ ಛೇದ ಅಂದ ಕೂಡಲೇ ಶಾಲೆಗೆ ಹೋದವರಿಗೆಲ್ಲ ಭಿನ್ನರಾಶಿಯ ಕೆಳಗಿನ ಅಂಕಿ ನೆನಪಾಗುತ್ತದೆ.

‘ನೋಟ’ ಒಳ್ಳೆಯ ಪದ. ಆಡು-ಆಟ, ಓಡು-ಓಟ, ಕಾಡು-ಕಾಟ, ಕೂಡು-ಕೂಟ, ನೋಡು-ನೋಟ. ಎಂಥ ಸೊಗಸಾದ ಸಾಲು! ಇದರ ಪಕ್ಕ ಮಹಾಪ್ರಾಣ ತಂದು ನಿಲ್ಲಿಸುವುದು ಯಾಕೆ? ‘ಸೀಳುನೋಟ’ ಅನ್ನಿ. ಜೀವಶಾಸ್ತ್ರದ ಪಾಠದಲ್ಲಿ ಕಾಂಡದ ‘ಅಡ್ಡ ಸೀಳಿಕೆ’ ಆಗಲೇ ಇದೆ. ಇಲ್ಲಿಗೆ ಮುಗಿಯಿತು.

ಇನ್ನೊಂದು ಮಾತು. ಬೋರ್ಡಿನಲ್ಲಿ, ವಸ್ತುವಿನ ನೋಟವನ್ನು ಹಾಳೆಗೆ ಇಳಿಸುವ ಪ್ರೊಜೆಕ್ಷನ್‌ಗೆ ‘ಪ್ರಕ್ಷೇಪ’ ಅಂತ ಬರೆದಿದ್ದರೆ ತೆಗೆಯಿರಿ. ನಮಗೆ ಪ್ರಕ್ಷೇಪ ಅಂದರೆ ಹಳೆಯ ಕಾವ್ಯದ ಓಲೆಗರಿಯಲ್ಲಿ ಆಮೇಲೆ ಯಾರೋ ಸೇರಿಸಿದ ಪದ್ಯ. ‘ನಕ್ಷೆ’ಯನ್ನೂ ಬಿಡಿ, ಅದು ಅರಬ್ಬಿ.

ವಿಜಯನಗರ, ಮೈಸೂರಿನಿಂದ:

ಯಾಕೆ ಇಷ್ಟು ಒದ್ದಾಟ? ಹದಿನೈದು ವರ್ಷದಿಂದ ಡಿಸೈನ್ ಕೆಲಸದಲ್ಲಿದ್ದೇನೆ. ‘ಸೆಕ್ಷನ್’ ಅನ್ನದ ಫಿಟ್ಟರನ್ನು ನಾನು ಕಂಡಿಲ್ಲ. ಲೇತ್, ಬುಷ್, ಗೇಜ್ ಎಲ್ಲ ಹಾಗೇ ಇರಲಿ ಅಂತೀರಿ, ಇದೊಂದಕ್ಕೆ ಮಾತ್ರ ಯಾಕೆ ಮಡಿ? ನಾಳೆ ಆ ಹುಡುಗ ಬೇರೆ ಕಂಪನಿಗೆ ಇಂಟರ್‌ವ್ಯೂಗೆ ಹೋಗಿ ‘ಸೀಳುನೋಟ’ ಅಂದರೆ ಯಾರಿಗೆ ಗೊತ್ತಾಗುತ್ತೆ? ‘ಸೆಕ್ಷನ್’ ಅಂತ ಕನ್ನಡ ಅಕ್ಷರದಲ್ಲಿ ಬರೆಯಿರಿ, ಸಾಕು. ನಕ್ಷೆ ಅರಬ್ಬಿ ಅಂತ ಬಿಟ್ಟರೆ ತಾಲ್ಲೂಕು, ಕಚೇರಿ, ಜಮೀನು ಎಲ್ಲಾನೂ ಬಿಡಬೇಕಾಗುತ್ತದೆ ಮೇಷ್ಟ್ರೇ.

ಸರಸ್ವತಿಪುರಂನಿಂದ:

ಮೇಡಂ, ಲೇತ್ ಹೊರಗಿನಿಂದ ಬಂತು, ಹೆಸರು ಜೊತೆಗೇ ಬಂತು. ಅದಕ್ಕೆ ನನ್ನ ತಕರಾರಿಲ್ಲ. ಒಂದು ವಸ್ತುವನ್ನು ಬಗೆದು ಒಳಗೇನಿದೆ ಅಂತ ನೋಡುವುದು ಹೊರಗಿನಿಂದ ಬಂದದ್ದಲ್ಲ. ಇರುವ ಪದವನ್ನು ಬಿಟ್ಟು ಸಾಲ ತರುವುದು ಬೇರೆ, ಇಲ್ಲದ್ದಕ್ಕೆ ಸಾಲ ತರುವುದು ಬೇರೆ. ತಾಲ್ಲೂಕು ಕಚೇರಿಯ ಮಾತು ಇಲ್ಲಿ ಬೇಡ.

ಪಾಂಡವಪುರದ ಕಡೆಯಿಂದ:

ಮೇಷ್ಟ್ರಿಗೆ ನಮಸ್ಕಾರ. ನಾನು ಆಲೆಮನೆ ಗಾಣಗಳ ರಿಪೇರಿ ಮಾಡುವವನು. ಪದ ನಮ್ಮಲ್ಲೇ ಇದೆ ಅನ್ನೋದು ನಿಜ. ಆದರೆ ಅದು ‘ಸೀಳು’ ಅಲ್ಲ.

ನಮ್ಮ ಕಡೆ ಕಬ್ಬು ಕಡಿಯುತ್ತೇವೆ, ಸೌದೆ ಸೀಳುತ್ತೇವೆ, ತರಕಾರಿ ಹೆಚ್ಚುತ್ತೇವೆ, ಭತ್ತ ಕುಯ್ಯುತ್ತೇವೆ, ಮಿಲ್ಲಿನಲ್ಲಿ ಮರ ಕುಯ್ಯಿಸುತ್ತೇವೆ. ಒಂದರ ಜಾಗಕ್ಕೆ ಇನ್ನೊಂದು ಹೇಳಿದರೆ ಸಣ್ಣ ಮಕ್ಕಳೂ ತಿದ್ದುತ್ತಾರೆ. ಸೀಳೋದು ನಾರಿನ ಉದ್ದಕ್ಕೆ. ಕೊಡಲಿ ಬಿದ್ದ ಮೇಲೆ ಸೌದೆ ತನಗೆ ಬೇಕಾದ ಕಡೆ ಬಿರಿಯುತ್ತದೆ, ನಮ್ಮ ಮಾತು ಕೇಳಲ್ಲ. ಕಡಿಯೋದು ಮಚ್ಚಿನ ಏಟು. ಕುಯ್ಯೋದು ಹಾಗಲ್ಲ. ಮೊದಲು ಗೆರೆ ಹೊಡೆಯುತ್ತೇವೆ. ಆ ಗೆರೆ ಮೇಲೆ ಗರಗಸ ಇಡುತ್ತೇವೆ. ಎಲ್ಲಿ ಬೇಕೋ ಅಲ್ಲೇ ಹೋಗುತ್ತದೆ, ಒಳಮೈ ಚಪ್ಪಟೆಯಾಗಿ ಬರುತ್ತದೆ.

ಸೆಕ್ಷನ್ ಅಂದರೂ ಅದೇ ಅಲ್ವಾ? ಗಾಣದ ರೋಲರಿನ ಗನ್‌ಮೆಟಲ್ ಬುಷ್ ತಗೊಳ್ಳಿ. ಹೊರಗಿನಿಂದ ಅದು ಬರೀ ಕೊಳವೆ. ಒಳಗೆ ಎಣ್ಣೆ ಓಡೋ ಗ್ರೂವ್ ಇರುತ್ತದೆ. ಹಾಳೆಯ ಮೇಲೆ ಅದು ತುಂಡುಗೆರೆಯಾಗಿ ಬಂದರೆ ಎಷ್ಟು ಆಳ, ಎಲ್ಲಿಗೆ ನಿಲ್ಲುತ್ತದೆ ಅಂತ ಕಣ್ಣಿಗೆ ಹತ್ತೋದೇ ಇಲ್ಲ. ಮಧ್ಯಕ್ಕೆ ಕುಯ್ದು ತೋರಿಸಿದರೆ ಎಲ್ಲ ಬಿಚ್ಚಿಟ್ಟ ಹಾಗೆ. ಕುಯ್ದ ಕಡೆ 45 ಡಿಗ್ರಿ ಓರೆಗೆರೆ. ಬುಷ್ ಕೂರೋ ಹೌಸಿಂಗಿಗೆ ಎದುರು ಓರೆ. ಶಾಫ್ಟನ್ನು ಮಾತ್ರ ಉದ್ದಕ್ಕೆ ಕುಯ್ಯೋದಿಲ್ಲ, ಇಡಿಯಾಗೇ ತೋರಿಸುತ್ತಾರೆ. ಬೋಲ್ಟು, ಕೀ ಕೂಡ ಹಾಗೇ. ನೋಡಿ, ಇಷ್ಟು ಹೇಳುವಾಗ ‘ಕುಯ್’ ಬಿಟ್ಟು ಬೇರೆ ಪದ ನನ್ನ ಬಾಯಿಗೆ ಬರಲೇ ಇಲ್ಲ.

ಬರಹಕ್ಕೆ ‘ಕೊಯ್’ ಅನ್ನಿ. ‘ಕೊಯ್ದ ನೋಟ’ ಅಂತ ಬಿಡಿಸಿ ಬರೆಯಿರಿ.

ಸರಸ್ವತಿಪುರಂನಿಂದ:

ಸೀಳು-ಕೊಯ್ ವ್ಯತ್ಯಾಸ ಒಪ್ಪಿದೆ. ನನ್ನ ಸೀಳುನೋಟ ವಾಪಸ್. ಆದರೆ ‘ಕೊಯ್ದ ನೋಟ’ ತಪ್ಪು. ಕೊಯ್ದದ್ದು ಬುಷ್, ನೋಟವನ್ನಲ್ಲ. ‘ಕೊಯ್ನೋಟ’ ಮಾಡಿ.

ಪಾಂಡವಪುರದ ಕಡೆಯಿಂದ:

‘ಹುಟ್ಟಿದ ಊರು’ ಅನ್ನುತ್ತೇವೆ. ಹುಟ್ಟಿದ್ದು ಊರಲ್ಲ, ನಾವು. ‘ಉಂಡ ಮನೆ’ ಅನ್ನುತ್ತೇವೆ. ಉಂಡದ್ದು ಮನೆಯನ್ನಲ್ಲ. ಹಾಗೇ ಇದೂ. ‘ಕೊಯ್ನೋಟ’ ಅಂದರೆ ನಾಲಿಗೆ ತೊಡರುತ್ತದೆ, ಮೊದಲ ಸಲ ಓದಿದವನಿಗೆ ಅರ್ಥವೂ ಆಗಲ್ಲ.

ಹೆಬ್ಬಾಳದಿಂದ:

ಎಲ್ಲರಿಗೂ ವಂದನೆ. ಬೆಳಿಗ್ಗೆ ಮೂರನ್ನೂ ಚೀಟಿಯಲ್ಲಿ ಬರೆದು, ಹೋದ ವರ್ಷ ಪೀಸ್ ಕೆಡಿಸಿದ್ದ ಹುಡುಗನಿಗೇ ಕೊಟ್ಟೆ. ಪಕ್ಕದಲ್ಲಿ ಒಂದು ಫ್ಲೇಂಜಿನ ಹಾಳೆ ಇಟ್ಟೆ. ‘ಛೇದನೋಟ’ ಓದಿ ಸುಮ್ನೆ ನಿಂತ. ‘ಕೊಯ್ನೋಟ’ ಎರಡು ಸಲ ಓದಿ ನನ್ನ ಮುಖ ನೋಡಿದ. ‘ಕೊಯ್ದ ನೋಟ’ ಓದಿದವನೇ ಹಾಳೆ ಹತ್ತಿರಕ್ಕೆ ಎಳೆದುಕೊಂಡು, “ಎಲ್ಲಿ ಕೊಯ್ದಿರೋದು ಸಾರ್?” ಅಂದ. ಎದುರುನೋಟದ ಮಧ್ಯೆ ಹೋಗಿರೋ ಎ–ಎ ಗೆರೆ ತೋರಿಸಿದೆ. ಅದರ ತುದಿಯ ಬಾಣಗಳನ್ನು ಬೆರಳಲ್ಲಿ ಮುಟ್ಟಿ, “ಇಲ್ಲಿ ನಿಂತು ಈ ಕಡೆಗೆ ನೋಡಬೇಕು, ಅಲ್ವಾ ಸಾರ್?” ಅಂದ. ನಾನು ಅದನ್ನು ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ಬೋರ್ಡಿಗೆ ‘ಕೊಯ್ದ ನೋಟ’. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸೆಕ್ಷನ್’ ಅಂತಲೂ ಹಾಕಿಸಿದ್ದೇನೆ, ಮೇಡಂ ಹೇಳಿದ ಇಂಟರ್‌ವ್ಯೂ ಮಾತು ನಿಜ. ‘ಪ್ರಕ್ಷೇಪ’ ತೆಗೆದೆ. ಫಸ್ಟ್ ಆ್ಯಂಗಲ್, ಥರ್ಡ್ ಆ್ಯಂಗಲ್ ಹೆಸರು ಹಾಗೇ ಇಟ್ಟು, ಎರಡರ ಗುರುತನ್ನೂ ದೊಡ್ಡದಾಗಿ ಬಿಡಿಸಿದ್ದೇನೆ. ತಲೆಬರಹ ‘ಡ್ರಾಯಿಂಗ್ ಓದುವ ಬಗೆ’. ಎ–ಎ ಗೆರೆ ಕೆಂಪಗಿರಲಿ ಅಂತ ಅಂಗಡಿಯವರಿಗೆ ಹೇಳಿ, ಐದೂವರೆಗೆ ಫೈಲ್ ಕಳಿಸಿದೆ.