ಗ್ರೀಸ್ ದ್ವೀಪಗಳಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿದು ಒಂದು ವಾರ: ಹೋಗಿ ಬಂದವರು ಯಾರಾದರೂ ಇದ್ದೀರಾ?

ಸಾಗರದ ಮಾಣಿ:

ಎಲ್ಲರಿಗೂ ನಮಸ್ಕಾರ. ನಾವು ಆರು ಜನ, ಮೂರು ಜೋಡಿ. ಇಂಜಿನಿಯರಿಂಗ್ ಒಟ್ಟಿಗೆ ಓದಿದವರು. ಉಳಿದವರು ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ, ನಾನೊಬ್ಬ ಊರಿಗೆ ವಾಪಸ್ ಬಂದು ಅಪ್ಪನ ತೋಟ ನೋಡಿಕೊಳ್ಳುತ್ತಿದ್ದೇನೆ. ಒಂದು ದೊಡ್ಡ ಟ್ರಿಪ್ ಮಾಡೋಣ ಅಂತ ಮೂರು ವರ್ಷದಿಂದ ಬರೀ ಮಾತಾಡುತ್ತಿದ್ದೆವು. ಈ ಸಲ ಗ್ರೀಸ್‌ಗೆ ಬಂದು ನಿಂತಿದೆ. ಹೋಟೆಲ್, ಬಸ್ಸು, ಗೈಡು ಯಾವುದೂ ಬೇಡ, ಒಂದು ಹಾಯಿದೋಣಿಯನ್ನೇ ವಾರಕ್ಕೆ ಬಾಡಿಗೆ ತಗೊಂಡು ಅದರಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗೋದು ಅನ್ನೋ ಆಸೆ.

ಸದ್ಯದ ಪ್ಲಾನ್: ಜುಲೈ ಕೊನೆಯ ವಾರ. ಅಥೆನ್ಸ್‌ನಿಂದ ಹೊರಟು ಮಿಕೊನೋಸ್, ಪಾರೋಸ್, ಸಾಂಟೊರಿನಿ, ವಾಪಸ್ ಅಥೆನ್ಸ್. ಏಳು ದಿನ. ಮೂರು ಕ್ಯಾಬಿನ್ ಇರೋ ದೋಣಿ ನೋಡಿದ್ದೇವೆ, ಜೋಡಿಗೊಂದು.

ನಮ್ಮ ನೀರಿನ ಅನುಭವ ಅಂದರೆ ಹೊಳೆಬಾಗಿಲಿನ ಲಾಂಚು ಮತ್ತು ಹೊನ್ನೇಮರಡುವಿನಲ್ಲಿ ಎರಡು ದಿನ ಕಯಾಕ್. ಊರಿನ ಹೆಸರು ಸಾಗರ, ಸಾಗರ ನೋಡಬೇಕಾದರೆ ಹೊನ್ನಾವರಕ್ಕೆ ಇಳಿಯಬೇಕು, ಅಷ್ಟು ನಮ್ಮ ಕಥೆ. ಆದರೆ ಗೆಳೆಯನೊಬ್ಬ ಯೂಟ್ಯೂಬ್ ನೋಡಿ ನೋಡಿ ಕ್ಯಾಪ್ಟನ್ ಆಗಿಬಿಟ್ಟಿದ್ದಾನೆ, ನಾನೇ ಓಡಿಸುತ್ತೇನೆ ಅನ್ನುತ್ತಾನೆ. ಅದು ಆಗುತ್ತಾ? ಖರ್ಚು ಎಷ್ಟು ಬರಬಹುದು? ನಮ್ಮಲ್ಲಿ ನಾಲ್ಕು ಜನ ಸಸ್ಯಾಹಾರಿಗಳು, ಊಟದ ಗತಿ ಏನು?

ತುಂಗೆ ದಂಡೆಯವ:

ಮಾರಾಯ, ಪ್ಲಾನ್ ಓದಿ ನಗು ಬಂತು. ಬೇಜಾರು ಮಾಡಿಕೊಳ್ಳಬೇಡ, ನಮ್ಮ ಮೊದಲ ಪ್ಲಾನೂ ಅಕ್ಷರಶಃ ಇದೇ ಆಗಿತ್ತು. ಎರಡು ವರ್ಷದ ಹಿಂದೆ ಸೆಪ್ಟೆಂಬರ್‌ನಲ್ಲಿ ಹೋಗಿ ಬಂದೆವು, ತೀರ್ಥಹಳ್ಳಿ ಕಡೆಯವರೇ ಆರು ಜನ.

ಮೊದಲು ಜುಲೈ ಬಿಡು. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನೋ ಗಾಳಿ ಬೀಸುತ್ತದೆ. ಆಕಾಶ ಫಳಫಳ ನೀಲಿ, ಒಂದು ಮೋಡ ಇರುವುದಿಲ್ಲ, ಆದರೆ ಗಾಳಿ ಮಾತ್ರ ಮೂರು ನಾಲ್ಕು ದಿನ ಒಂದೇ ಸಮನೆ. ಗಾಳಿಯ ಜೋರು ಅಳೆಯೋ ಬೋಫೋರ್ಟ್ ಲೆಕ್ಕದಲ್ಲಿ 5, 6 ಮಾಮೂಲು, 7 ಕೂಡ ಆಗುತ್ತದೆ. 6 ಅಂದರೆ ಗಂಟೆಗೆ 40ರಿಂದ 50 ಕಿಲೋಮೀಟರ್. ನಮಗೆ ಮಳೆಯಿಲ್ಲದ ಗಾಳಿಯ ಅಂದಾಜೇ ಇಲ್ಲ ನೋಡು. ನೀನು ಹೇಳಿದ ಮಿಕೊನೋಸ್, ಪಾರೋಸ್ ಎಲ್ಲ ಆ ಗಾಳಿಯ ದಾರಿಯಲ್ಲೇ ಇವೆ. ಸಾಂಟೊರಿನಿಗೆ ಹೋಗುವಾಗ ಗಾಳಿ ಬೆನ್ನಿಗೆ, ಸುಖವಾಗಿ ಹೋಗುತ್ತೀರಿ. ವಾಪಸ್ ಬರುವಾಗ ಅದೇ ಗಾಳಿ ಮೂಗಿಗೆ. ಶನಿವಾರ ಬೆಳಗ್ಗೆ ದೋಣಿ ಬಿಟ್ಟುಕೊಡಬೇಕು, ಅದಕ್ಕೆ ಶುಕ್ರವಾರ ಸಂಜೆಯೇ ಬಂದರಿಗೆ ಮುಟ್ಟಿರಬೇಕು. ಆಗ ಏನು ಮಾಡುತ್ತೀರಿ?

ಹಾಯಿದೋಣಿಯ ವೇಗ 5, 6 ನಾಟ್, ಅಂದರೆ ಗಂಟೆಗೆ ಸುಮಾರು ಹತ್ತು ಕಿಲೋಮೀಟರ್. ಸೈಕಲ್ ತುಳಿದ ಹಾಗೆ. ಭೂಪಟದಲ್ಲಿ ಬೆರಳಿಟ್ಟು ದ್ವೀಪ ಎಣಿಸಿದರೆ ಆಗುವುದಿಲ್ಲ.

ನಾವು ಸರೋನಿಕ್ ಕೊಲ್ಲಿಗೆ ಹೋದೆವು. ಅಥೆನ್ಸ್‌ನ ಅಲಿಮೋಸ್ ಮರೀನಾದಿಂದ (ಹಾಯಿದೋಣಿ ನಿಲ್ಲಿಸೋ ಬಂದರು) ಎಜಿನಾ ದ್ವೀಪ 16 ನಾಟಿಕಲ್ ಮೈಲಿ ಆಸುಪಾಸು, ಮೂರು ಗಂಟೆ ಚಿಲ್ಲರೆ. ಅಲ್ಲಿಂದ ಪೋರೋಸ್, ಇಡ್ರಾ, ಸ್ಪೆಟ್ಸೆಸ್ ಒಂದರ ಹಿಂದೆ ಒಂದು. ಇಡ್ರಾವನ್ನು ನಕ್ಷೆಯಲ್ಲಿ ಹೈಡ್ರಾ ಅಂತ ಬರೆದಿರುತ್ತಾರೆ. ಅಲ್ಲಿ ಕಾರು, ಬೈಕು ಇಲ್ಲ, ಸಿಲಿಂಡರಿನಿಂದ ಸೂಟ್‌ಕೇಸಿನವರೆಗೆ ಎಲ್ಲ ಕತ್ತೆ ಮೇಲೆ.

ಎಜಿನಾ ಪಿಸ್ತಾಕ್ಕೆ ಹೆಸರುವಾಸಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಕೊಯ್ಲು. ಮರದಿಂದ ಉದುರಿಸಿ, ಮೇಲಿನ ಸಿಪ್ಪೆ ಸುಲಿದು, ಬಿಸಿಲಿಗೆ ಹರಡಿರುತ್ತಾರೆ. ನಮ್ಮ ಜೊತೆಗಿದ್ದ ಭಾವ ಅಲ್ಲೇ ಕೂತುಬಿಟ್ಟರು. ಕ್ವಿಂಟಾಲಿಗೆ ಎಷ್ಟು, ಸುಲಿಯುವ ಯಂತ್ರ ಎಲ್ಲಿಯದು, ಆಳು ಸಿಗುತ್ತಾರಾ ಅಂತ ಆ ಅಜ್ಜನ ಹತ್ತಿರ ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತು. ಕೊನೆಗೆ ಆ ಅಜ್ಜ ಒಂದು ಚೀಲ ಪಿಸ್ತಾ ಕೊಟ್ಟು ಕಳಿಸಿದ. ಇಡೀ ಟ್ರಿಪ್‌ನಲ್ಲಿ ಭಾವನಿಗೆ ನೆನಪಿರೋದು ಅದೊಂದೇ!

ಇನ್ನು ನಿಮ್ಮ ಯೂಟ್ಯೂಬ್ ಕ್ಯಾಪ್ಟನ್. ಆಗುವುದಿಲ್ಲ. ದೋಣಿ ಮಾತ್ರ ತಗೊಂಡು ನೀವೇ ಓಡಿಸೋದಕ್ಕೆ ಬೇರ್‌ಬೋಟ್ ಅನ್ನುತ್ತಾರೆ. ಅದಕ್ಕೆ ಗ್ರೀಸ್‌ನಲ್ಲಿ ಮಾನ್ಯವಾದ ಲೈಸೆನ್ಸ್ ಬೇಕು, ಜೊತೆಗೆ ದೋಣಿ ಗೊತ್ತಿರೋ ಇನ್ನೊಬ್ಬರು ಬೇಕು. ಇಲ್ಲದಿದ್ದರೆ ಸ್ಕಿಪ್ಪರ್, ಅಂದರೆ ದೋಣಿ ಓಡಿಸೋನನ್ನು ಇಟ್ಟುಕೊಳ್ಳಬೇಕು. ನಾವು ದಿನಕ್ಕೆ 180 ಯೂರೋ ಕೊಟ್ಟೆವು, ಅವನ ಊಟ ನಮ್ಮ ಲೆಕ್ಕ. ಮುಖ್ಯ ವಿಷಯ, ಅವನಿಗೂ ಮಲಗೋಕೆ ಜಾಗ ಬೇಕಲ್ವಾ? ಮೂರು ಕ್ಯಾಬಿನ್ ದೋಣಿ ನೋಡಿದ್ದೇವೆ ಅಂದೆಯಲ್ಲ, ಅಲ್ಲೇ ಎಡವಿದ್ದು. ನಾಲ್ಕು ಕ್ಯಾಬಿನ್ ನೋಡು. ನಮ್ಮ 45 ಅಡಿ ದೋಣಿಗೆ ವಾರಕ್ಕೆ 3,200 ಯೂರೋ ಆಗಿತ್ತು. ಡೀಸೆಲ್, ಕ್ಲೀನಿಂಗ್, ಚಾದರ, ಮರೀನಾ ಬಾಡಿಗೆ ಎಲ್ಲ ಬೇರೆ.

ಡೆಪಾಸಿಟ್ ವಿಷಯದಲ್ಲಿ ನಾವು ಪೆಟ್ಟು ತಿಂದೆವು. ದೋಣಿಯ ಹಿಂದೆ ಕಟ್ಟಿರೋ ಸಣ್ಣ ರಬ್ಬರ್ ಡಿಂಗಿಗೆ ಎರಡು ಹುಟ್ಟು ಇರಬೇಕಂತೆ. ಹತ್ತಿದ ದಿನವೇ ಒಂದೇ ಇತ್ತು. ಸಂಜೆ ಐದು ಗಂಟೆ, ಎಲ್ಲರಿಗೂ ಅವಸರ, ಲಿಸ್ಟಿಗೆ ಸುಮ್ನೆ ಸಹಿ ಹಾಕಿದೆ. ವಾಪಸ್ ಕೊಡುವಾಗ ಕಂಪನಿಯವರು ಹುಟ್ಟು ಎಲ್ಲಿ ಅಂತ ಕೇಳಿ 60 ಯೂರೋ ಹಿಡಿದುಕೊಂಡರು. ಹೊಳೆಗೆ ಒಂದು ಕೋಲು ಕಡಿದು ಹಾಕಿದರೆ ಮುಗಿಯೋ ವಸ್ತುವಿಗೆ ಆರು ಸಾವಿರ ರೂಪಾಯಿ! ನೀವು ಹತ್ತೋ ಮೊದಲು ಮೂಲೆ ಮೂಲೆ ವಿಡಿಯೋ ಮಾಡಿಕೊಳ್ಳಿ.

ಘಾಟಿ ತಿರುವು:

ಅಣ್ಣ, ಆಗುಂಬೆ ಘಾಟಿಯಲ್ಲಿ ವಾಂತಿ ಮಾಡೋರು ನಿಮ್ಮ ಗುಂಪಲ್ಲಿ ಯಾರಿದ್ದಾರೆ ಮೊದಲು ಲೆಕ್ಕ ಹಾಕಿ. ಅವರೇ ದೋಣಿಯಲ್ಲೂ ಮಾಡುತ್ತಾರೆ. ಅವೊಮಿನ್ ಪಟ್ಟಿ ಇಲ್ಲಿಂದಲೇ ತಗೊಂಡು ಹೋಗಿ, ಡಾಕ್ಟರ್ ಕೇಳಿಕೊಂಡು. ತಲೆ ತಿರುಗೋಕೆ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ, ಹೊರಡೋ ಮೊದಲೇ ನುಂಗಬೇಕು. ಕೆಳಗಡೆ ಕ್ಯಾಬಿನ್‌ಗೆ ಇಳಿಯಬೇಡಿ, ಮೇಲೆ ಕೂತು ದೂರದ ದಡ ನೋಡುತ್ತಿರಿ.

ಇನ್ನೊಂದು. ಗ್ರೀಸ್‌ನಲ್ಲಿ ಕರಾವಳಿ ರಕ್ಷಣಾ ಪಡೆಯ ತುರ್ತು ನಂಬರ್ 108. ನಮ್ಮ ಆಂಬುಲೆನ್ಸ್ ನಂಬರೇ, ಮರೆಯೋ ಪ್ರಶ್ನೆಯೇ ಇಲ್ಲ.

ಗಾಜನೂರಿನ ಅಕ್ಕ:

ಸರೋನಿಕ್ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅಥೆನ್ಸ್‌ಗೆ ಹತ್ತಿರ, ವಾರಾಂತ್ಯ ಬಂದರೆ ಊರಿಗೂರೇ ದೋಣಿ ಹತ್ತಿ ಬರುತ್ತದೆ. ನನ್ನನ್ನು ಕೇಳಿದರೆ ಪಶ್ಚಿಮದ ಅಯೋನಿಯನ್ ಸಮುದ್ರದ ಕಡೆ ಹೋಗಿ.

ಸೈಕ್ಲಾಡೀಸ್, ಅಂದರೆ ನೀವು ಹೇಳಿದ ಮಿಕೊನೋಸ್, ಪಾರೋಸ್, ಸಾಂಟೊರಿನಿ ಇರೋ ದ್ವೀಪಗಳ ಗುಂಪು, ಬೋಳು ಬಂಡೆ, ಬಿಳಿ ಮನೆ, ಅಷ್ಟೇ. ಅಯೋನಿಯನ್ ಹಾಗಲ್ಲ. ಪಶ್ಚಿಮದಿಂದ ಬರೋ ಮಳೆಯನ್ನು ಆ ಕಡೆಯ ಬೆಟ್ಟಗಳೇ ಹಿಡಿದುಕೊಳ್ಳುತ್ತವೆ, ನಮ್ಮ ಘಟ್ಟದ ಹಾಗೆ. ಆಗುಂಬೆಗೂ ಚಿತ್ರದುರ್ಗಕ್ಕೂ ಇರೋ ವ್ಯತ್ಯಾಸ ಅಂದುಕೊಳ್ಳಿ. ಮಳೆ ಎಲ್ಲ ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಹೆದರಬೇಕಾಗಿಲ್ಲ. ಬೆಟ್ಟ ಹಸಿರು, ಮರ ನೀರಿನವರೆಗೂ ಇಳಿದಿರುತ್ತದೆ. ಲೆಫ್ಕಾಡಾದಿಂದ ಹೊರಟು ಮೆಗಾನಿಸಿ, ಇಥಾಕಾ, ಕೆಫಲೋನಿಯಾದ ಫಿಸ್ಕಾರ್ಡೊ, ಹೀಗೆ ಸುತ್ತಿ ಬಂದೆವು. ಬೆಳಗ್ಗೆ ಗಾಳಿಯೇ ಇರುವುದಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ವಾಯವ್ಯದಿಂದ ಶುರುವಾಗಿ ಸೂರ್ಯ ಮುಳುಗೋ ಹೊತ್ತಿಗೆ ನಿಲ್ಲುತ್ತದೆ. ಆಫೀಸಿಗೆ ಬಂದು ಹೋದ ಹಾಗೆ.

ನಾವು ಹೋಗಿದ್ದು ಫ್ಲೊಟಿಲ್ಲಾದಲ್ಲಿ. ಹತ್ತು ಹನ್ನೆರಡು ದೋಣಿ ಒಟ್ಟಿಗೆ, ಮುಂದೆ ಕಂಪನಿಯ ದೋಣಿ, ಅದರಲ್ಲಿ ಒಬ್ಬ ಮೆಕ್ಯಾನಿಕ್. ದಿನಾ ಬೆಳಗ್ಗೆ ಇವತ್ತು ಎಲ್ಲಿಗೆ, ಬಂಡೆ ಎಲ್ಲಿದೆ, ಗಾಳಿ ಹೇಗೆ ಅಂತ ಹೇಳಿಕೊಡುತ್ತಾರೆ. ಆದರೆ ಪ್ರತಿ ದೋಣಿಗೂ ಲೈಸೆನ್ಸ್ ಇದ್ದವರು ಬೇಕೇ ಬೇಕು. ನಮ್ಮ ಯಜಮಾನರು ಮಸ್ಕತ್‌ನಲ್ಲಿದ್ದಾಗ ಬ್ರಿಟನ್ನಿನ ದೋಣಿ ಸಂಸ್ಥೆ ಆರ್‌ವೈಎಯ ಡೇ ಸ್ಕಿಪ್ಪರ್ ಮಾಡಿದ್ದರು, ದೋಣಿ ಮೇಲೆ ಐದು ದಿನದ ಕೋರ್ಸು. ನಿಮ್ಮ ಗೆಳೆಯನಿಗೆ ಅಷ್ಟು ಹುಚ್ಚಿದ್ದರೆ ಈ ವರ್ಷ ಕೋರ್ಸ್ ಮಾಡಲಿ, ಸ್ಟಿಯರಿಂಗ್ ಮುಂದಿನ ಸಲ.

ಕಷ್ಟ ಇರೋದು ಓಡಿಸುವುದರಲ್ಲಿ ಅಲ್ಲ, ನಿಲ್ಲಿಸುವುದರಲ್ಲಿ. ದಡಕ್ಕೆ ಪಕ್ಕವಾಗಿ ನಿಲ್ಲಿಸುವುದಿಲ್ಲ ಅಲ್ಲಿ. ಸ್ವಲ್ಪ ದೂರದಲ್ಲಿ ಲಂಗರು ಬಿಟ್ಟು, ಸರಪಳಿ ಬಿಡುತ್ತಾ ಬಿಡುತ್ತಾ ಹಿಂದಕ್ಕೆ ಬಂದು, ಹಿಂಭಾಗದಿಂದ ಎರಡು ಹಗ್ಗ ದಡಕ್ಕೆ ಕಟ್ಟಬೇಕು. ಎರಡೂ ಪಕ್ಕ ಬೇರೆ ದೋಣಿ, ನಡುವೆ ಕೈ ತೂರಿಸುವಷ್ಟು ಜಾಗ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ಹಬ್ಬದ ದಿನ ಕಾರು ರಿವರ್ಸ್ ತೆಗೆದವರಿಗೆ ಸ್ವಲ್ಪ ಅಂದಾಜು ಇರುತ್ತದೆ, ವ್ಯತ್ಯಾಸ ಏನೆಂದರೆ ಇಲ್ಲಿ ಬ್ರೇಕ್ ಇಲ್ಲ.

ತುಂಗೆ ದಂಡೆಯವ:

ಅಕ್ಕ ಹೇಳಿದ್ದು ನೂರಕ್ಕೆ ನೂರು. ಇಡ್ರಾ ಬಂದರು ಬಹಳ ಚಿಕ್ಕದು, ಅಲ್ಲಿ ಎಲ್ಲರ ಸರಪಳಿ ಎಲ್ಲರ ಮೇಲೆ. ಬೆಳಗ್ಗೆ ನಮ್ಮ ಲಂಗರು ಎತ್ತಿದರೆ ಅದರ ಜೊತೆ ಪಕ್ಕದವರ ಸರಪಳಿಯೂ ಮೇಲೆ ಬಂತು. ಆ ದೋಣಿಯಲ್ಲಿದ್ದ ಅಜ್ಜಿ ಕಾಫಿ ಕಪ್ ಹಿಡಿದುಕೊಂಡೇ ಬೈದಳು. ನಮ್ಮ ಸ್ಕಿಪ್ಪರ್ ಒಂದು ಹಗ್ಗವನ್ನು ಅವರ ಸರಪಳಿಯ ಅಡಿಯಿಂದ ತೂರಿಸಿ ಅದನ್ನು ನೇತು ಹಾಕಿ, ನಮ್ಮ ಲಂಗರು ಕೆಳಗೆ ಬಿಟ್ಟು ಬಿಡಿಸಿಕೊಂಡು, ಆಮೇಲೆ ಹಗ್ಗ ಸಡಿಲ ಮಾಡಿದ. ಹತ್ತು ನಿಮಿಷದ ಕೆಲಸ. ನಾವೇ ಆಗಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದೆವು. ಆ 180 ಯೂರೋ ಅವತ್ತು ಒಂದೇ ದಿನಕ್ಕೆ ವಸೂಲಾಯಿತು.

ಸ್ಪೆಟ್ಸೆಸ್‌ಗೆ ನಾವು ಹೋಗಲೇ ಇಲ್ಲ. ಪೋರೋಸ್‌ನಲ್ಲಿ ಗಾಳಿ ಜೋರಾಯಿತು, ಇವತ್ತು ಹೊರಡುವುದಿಲ್ಲ ಅಂದುಬಿಟ್ಟ ಸ್ಕಿಪ್ಪರ್. ಮೊದಲು ಕೋಪ ಬಂತು, ದುಡ್ಡು ಕೊಟ್ಟಿದ್ದೇವೆ ಅಲ್ವಾ. ಆಮೇಲೆ ಗಡಿಯಾರ ಗೋಪುರದವರೆಗೆ ಹತ್ತಿ, ಇಳಿದು ಬಂದು ಇಸ್ಪೀಟು ಆಡಿದೆವು. ಮಳೆಗಾಲದಲ್ಲಿ ಹೊಳೆ ಬಂದು ದಾರಿ ಕಟ್ಟಿದಾಗ ನೆಂಟರ ಮನೆಯಲ್ಲಿ ಒಂದು ದಿನ ಜಾಸ್ತಿ ಉಳಿಯುವುದಿಲ್ಲವಾ, ಹಾಗೆ. ನಿಮ್ಮ ಏಳು ದಿನದಲ್ಲಿ ಒಂದು ದಿನ ಹೀಗೆ ಹೋಗುತ್ತದೆ ಅಂತ ಈಗಲೇ ಬರೆದಿಟ್ಟುಕೊಳ್ಳಿ.

ಬಸ್ ಪಾಸ್:

ಎಲ್ಲರೂ ಬೈಯಬಹುದು, ಆದರೂ ಹೇಳುತ್ತೇನೆ. ಸಾಂಟೊರಿನಿ ನೋಡಲೇಬೇಕು ಅಂತಿದ್ದರೆ ಹಾಯಿದೋಣಿ ಯಾಕೆ? ಪಿರೇಯಸ್ ಬಂದರಿನಿಂದ ಫೆರ್ರಿ ಇದೆ, ವೇಗದ್ದು ಐದು ಗಂಟೆ, ನಿಧಾನದ್ದು ಎಂಟು. ಸಾಂಟೊರಿನಿ ಮುಳುಗಿದ ಜ್ವಾಲಾಮುಖಿಯ ಬಾಯಿ. ದಡದ ಪಕ್ಕದಲ್ಲೇ ನೀರು ಎಷ್ಟು ಆಳ ಅಂದರೆ ಲಂಗರು ಹಾಕೋಕೆ ಜಾಗವೇ ಕಷ್ಟ. ಹಾಯಿದೋಣಿಯವರು ದಕ್ಷಿಣದ ವ್ಲಿಖಾಡಾ ಬಂದರಿಗೆ ಹೋಗಿ ನಿಲ್ಲಿಸಿ, ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ಬಸ್ಸಲ್ಲೇ ಹೋಗೋದಾದರೆ ಇಷ್ಟೆಲ್ಲ ಸರ್ಕಸ್ ಯಾಕೆ ಸ್ವಾಮಿ.

ಸಾಗರದ ಮಾಣಿ:

ಎಲ್ಲರಿಗೂ ಥ್ಯಾಂಕ್ಸ್. ಗುಂಪಿಗೆ ಓದಿ ಹೇಳಿದೆ. ಕ್ಯಾಪ್ಟನ್ ಮುಖ ಸಣ್ಣದಾಯಿತು. ಸಾಂಟೊರಿನಿ ಬಿಟ್ಟೆವು, ಇಬ್ಬರಿಗೆ ಇನ್ನೂ ಹೊಟ್ಟೆ ಉರಿ ಇದೆ. ಅಕ್ಕ, ಅಯೋನಿಯನ್ ಫೋಟೋ ನೋಡಿ ನನ್ನ ಹೆಂಡತಿ ಇಷ್ಟಪಟ್ಟಳು, ಆದರೆ ಅಥೆನ್ಸ್‌ನಿಂದ ಬಸ್ಸಲ್ಲಿ ಮತ್ತೆ ಐದು ಗಂಟೆಗಿಂತ ಜಾಸ್ತಿ ಅಂತೆ, ರಜೆ ಅಷ್ಟಿಲ್ಲ. ಸರೋನಿಕ್, ನಾಲ್ಕು ಕ್ಯಾಬಿನ್, ಸ್ಕಿಪ್ಪರ್. ಸೆಪ್ಟೆಂಬರ್ ನನಗೂ ಅನುಕೂಲ. ಜೂನ್, ಜುಲೈನಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಸೋದು ಬಿಟ್ಟು ದೋಣಿಯಲ್ಲಿದ್ದರೆ ಅಪ್ಪ ಮನೆಯೊಳಗೆ ಸೇರಿಸುವುದಿಲ್ಲ. ಗಣೇಶನ ಹಬ್ಬ ಮುಗಿಸಿಕೊಂಡು ಹೊರಟರೆ ಅಡಿಕೆ ಕೊಯ್ಲಿಗೆ ಮೊದಲು ವಾಪಸ್.

ಉಳಿದಿದ್ದು ಎರಡು. ನನಗೆ ಸಂಬಳದ ಚೀಟಿ ಇಲ್ಲ, ವೀಸಾಕ್ಕೆ ಏನು ತೋರಿಸೋದು? ಮತ್ತೆ ಊಟದ ವಿಷಯ ಯಾರೂ ಹೇಳಲಿಲ್ಲ.

ಗಾಜನೂರಿನ ಅಕ್ಕ:

ಗ್ರೀಸ್‌ಗೆ ಬೇಕಾದ ಶೆಂಗೆನ್ ವೀಸಾ ಫೀಸು 90 ಯೂರೋ. ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ನಮ್ಮ ಮೈದುನನೂ ತೋಟದವನೇ. ಅವನು ಪಹಣಿ, ಮಂಡಿ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇಂಗ್ಲಿಷ್ ಅನುವಾದದ ಜೊತೆ ಕೊಟ್ಟ. ಉಳಿಯೋ ಜಾಗ ಅಂತ ಹೋಟೆಲ್ ಬದಲು ದೋಣಿಯ ಒಪ್ಪಂದ ಲಗತ್ತಿಸಿದ. ವೀಸಾ ಬಂತು.

ಊಟಕ್ಕೆ ಹೆದರಬೇಡಿ. ಅಲ್ಲಿಯ ಚರ್ಚಿನ ಉಪವಾಸದ ದಿನಗಳು ವರ್ಷದಲ್ಲಿ ಬೇಕಾದಷ್ಟಿವೆ, ಅದಕ್ಕೆ ಮಾಂಸ, ಹಾಲು ಇಲ್ಲದ ಅಡುಗೆಯೂ ಬೇಕಾದಷ್ಟಿದೆ. ನಿಸ್ಟೀಸಿಮ ಅಂತ ಕೇಳಿ. ಗಿಗಾಂಟೆಸ್ ಅಂದರೆ ನಮ್ಮ ಅವರೆಗಿಂತ ದೊಡ್ಡ ಬಿಳಿ ಕಾಳು, ಟೊಮೆಟೊದಲ್ಲಿ ಬೇಯಿಸಿದ್ದು. ಫಾವಾ ಅಂದರೆ ಬೇಳೆ ಬೇಯಿಸಿ ನುಣ್ಣಗೆ ಮಾಡಿ, ಮೇಲೆ ಈರುಳ್ಳಿ, ಎಣ್ಣೆ. ಹೊರ್ತಾ ಅಂದರೆ ಬೆಟ್ಟದ ಸೊಪ್ಪು ಬೇಯಿಸಿ ನಿಂಬೆಹುಳಿ ಹಿಂಡಿದ್ದು. ಯೆಮಿಸ್ತಾ ಅನ್ನೋ ತುಂಬಿದ ಟೊಮೆಟೊ ತಗೊಳ್ಳುವಾಗ ಮಾತ್ರ ಒಳಗೇನಿದೆ ಕೇಳಿ, ಕೆಲವು ಕಡೆ ಕೈಮಾ ಇರುತ್ತದೆ.

ಯೂರೋಪಿಗೆ ಹಾಲಿನ ಪದಾರ್ಥ ತಗೊಂಡು ಹೋಗೋ ಹಾಗಿಲ್ಲ, ತುಪ್ಪದ ಡಬ್ಬಿ ಮನೆಯಲ್ಲೇ ಬಿಡಿ. ಎಲೆಕ್ಟ್ರಿಕ್ ಕುಕ್ಕರ್ ಬೇಡ, ಮರೀನಾದಲ್ಲಿ ನಿಂತಾಗ ಬಿಟ್ಟರೆ ಕರೆಂಟ್ ಇರುವುದಿಲ್ಲ. ಗ್ಯಾಸ್ ಒಲೆ ಇದೆ, ಸಣ್ಣ ಪ್ರೆಶರ್ ಕುಕ್ಕರ್ ಸಾಕು. ಒಣಗಿಸಿದ ಒಂದೆಲಗದ ಪುಡಿ ತಗೊಂಡು ಹೋಗಿ. ಅಲ್ಲಿಯ ಮೊಸರು ಚಮಚ ನಿಲ್ಲುವಷ್ಟು ಗಟ್ಟಿ, ನೀರು ಬೆರೆಸಿ ತಂಬುಳಿ ಮಾಡಿದರೆ ಬಿಸಿಲಿಗೆ ಅಮೃತ.

ಹೆಂಗಸರ ಪರವಾಗಿ ಇನ್ನೊಂದು. ದೋಣಿಯ ಟಾಯ್ಲೆಟ್‌ಗೆ ಕೈಪಂಪು ಇರುತ್ತದೆ, ಬೋರ್‌ವೆಲ್ ಹ್ಯಾಂಡ್‌ಪಂಪ್ ಹಾಗೆ ಹೊಡೆಯಬೇಕು. ಕಾಗದ ಒಳಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ಮೊದಲ ದಿನವೇ ಎಲ್ಲರಿಗೂ, ಮುಖ್ಯವಾಗಿ ಗಂಡಸರಿಗೆ, ಇದನ್ನು ಕೂರಿಸಿ ಹೇಳಿ.

ಸಾಗರದ ಮಾಣಿ:

ಅಕ್ಕ, ಪಂಪು ಹೊಡೆಯೋ ಡ್ಯೂಟಿ ಕ್ಯಾಪ್ಟನ್‌ಗೆ ಅಂತ ತೀರ್ಮಾನ ಆಯಿತು. ನಿಮ್ಮ ಮೈದುನ ಪಹಣಿ ಅನುವಾದ ಎಲ್ಲಿ ಮಾಡಿಸಿದ್ದು, ಶಿವಮೊಗ್ಗದಲ್ಲೇ ಆಗುತ್ತಾ?