ಜಿಮ್ಮರ್‌ಮನ್ ಫೋನ್ ರೆಕಾರ್ಡಿಂಗ್: ಅದರಲ್ಲಿ ಏನಿದೆ, ಏನಿಲ್ಲ

ಹರೀಶ್ ಬಿ.: 2012ರ ಫೆಬ್ರವರಿ 26, ಫ್ಲೋರಿಡಾದ ಸ್ಯಾನ್‌ಫರ್ಡ್. 17ರ ಕಪ್ಪು ಜನಾಂಗದ ಹುಡುಗ ಟ್ರೇವಾನ್ ಮಾರ್ಟಿನ್ ಅಂಗಡಿಯಿಂದ ಸ್ಕಿಟಲ್ಸ್ ಮಿಠಾಯಿ ತಗೊಂಡು ಮಳೇಲಿ ವಾಪಸ್ ಬರ್ತಿದ್ದ. ಬಡಾವಣೆ ಕಾವಲಿನ ಜಾರ್ಜ್ ಜಿಮ್ಮರ್‌ಮನ್ ಪೊಲೀಸರಿಗೆ ಫೋನ್ ಮಾಡಿದ, ಕೆಲವೇ ನಿಮಿಷದಲ್ಲಿ ಹುಡುಗ ಅವನ ಗುಂಡೇಟಿಗೆ ಸತ್ತ. ಅವನ ಮನಸ್ಸಲ್ಲಿ ಏನಿತ್ತು ಅಂತ ತಿಳಿಯೋಕೆ ಆ ಕರೆ ಒಂದೇ ಸಾಕು: "ಇವನ್ಯಾಕೋ ಸರಿ ಇಲ್ಲ, ಬ್ಲ್ಯಾಕ್ ಥರ ಕಾಣ್ತಾನೆ." ಆಪರೇಟರ್ "ಹಿಂದೆ ಹೋಗೋದು ಬೇಡ" ಅಂದ್ರೂ ಕೇಳಲಿಲ್ಲ.

ಶ್ರೀನಿಧಿ: ಅದು ಅಮೆರಿಕದ ಟಿವಿ ಚಾನೆಲ್ ಎನ್‌ಬಿಸಿ ಕತ್ತರಿಸಿ ಅಂಟಿಸಿದ ಸಾಲು ಸ್ವಾಮಿ! ಪೂರ್ತಿ ಟೇಪ್‌ನಲ್ಲಿ ನಡುವೆ ಮಾತಿದೆ. ಡ್ರಗ್ಸ್ ತಗೊಂಡಿರಬಹುದು, ಮಳೇಲಿ ಸುಮ್ನೆ ಓಡಾಡ್ತಿದ್ದಾನೆ ಅಂತಾನೆ. ಬಿಳಿಯನಾ, ಬ್ಲ್ಯಾಕಾ, ಹಿಸ್ಪಾನಿಕ್ಕಾ ಅಂತ ಆಪರೇಟರೇ ಕೇಳಿದ ಮೇಲೆ ಬಣ್ಣ ಹೇಳಿದ್ದು. ಎನ್‌ಬಿಸಿ ಕ್ಷಮೆ ಕೇಳಿದೆ.

ಹರೀಶ್ ಬಿ.: ಕ್ಷಮೆ ಕೇಳಿದ್ರೆ ಆಯ್ತಾ? ಜಿಮ್ಮರ್‌ಮನ್ ಅವರ ಮೇಲೆ ಹಾಕಿದ ಮಾನನಷ್ಟ ಕೇಸ್ 2014ರಲ್ಲಿ ವಜಾ ಆಯ್ತಲ್ಲ.

ಶ್ರೀನಿಧಿ: ದುರುದ್ದೇಶ ಸಾಬೀತಾಗಲಿಲ್ಲ ಅಂತ ವಜಾ ಆಗಿದ್ದು. ಕತ್ತರಿಸಿದ್ದು ಸರಿ ಅಂತ ಕೋರ್ಟ್ ಎಲ್ಲಿ ಹೇಳಿದೆ, ತೋರಿಸಿ.

ಲತಾ ಎಂ.: ಇಬ್ರೂ ಎನ್‌ಬಿಸಿ ಹಿಡ್ಕೊಂಡು ಕೂತಿದ್ದೀರಿ. "ಈ ನನ್ಮಕ್ಳು ಯಾವಾಗ್ಲೂ ತಪ್ಪಿಸ್ಕೊಂಡ್ಬಿಡ್ತಾರೆ" ಅಂದಿದ್ದಾನಲ್ಲ, ಅದನ್ನ ಯಾರು ಕತ್ತರಿಸಿದ್ರು? ಹುಡುಗನ ಹೆಸರೂ ಗೊತ್ತಿಲ್ಲ, ಆಗ್ಲೇ ಕಳ್ಳರ ಲೆಕ್ಕಕ್ಕೆ ಸೇರಿಸಿಬಿಟ್ಟ.

ಮಂಜು, ಡಲ್ಲಾಸ್: ಲತಾ ಅವರೇ, ಬಡಾವಣೇಲಿ ಕಳ್ಳತನ ಆಗಿತ್ತು, ಆ ಸಿಟ್ಟು ಅದು. "ಕೇಳಲಿಲ್ಲ" ಅನ್ನೋದೂ ಸುಳ್ಳು. "ಅದು ಬೇಕಾಗಿಲ್ಲ" ಅಂತ ಆಪರೇಟರ್ ಅಂದಾಗ ಅವನು ಓಕೆ ಅಂದ. ನಾವು ನೇರ ಆದೇಶ ಕೊಡಲ್ಲ ಅಂತ ಆಪರೇಟರೇ ಸಾಕ್ಷಿ ಹೇಳಿದ.

ಲತಾ ಎಂ.: ಆದೇಶ ಬೇರೆ ಬೇಕಿತ್ತಾ? ಪೊಲೀಸ್ ಬರ್ತಿದ್ದಾರೆ ಅಂತ ಗೊತ್ತಿತ್ತು. ಕಾರಲ್ಲಿ ಕೂತಿದ್ರೆ ಆ ಮಗು ಇವತ್ತು ಬದುಕಿರ್ತಿತ್ತು!

ಶ್ರೀನಿಧಿ: "ಮಗು" ಅಂತೆ. ಜಿಮ್ಮರ್‌ಮನ್ ಮೂಗು ಮುರಿದಿತ್ತು, ತಲೆ ಹಿಂದೆ ಗಾಯ ಆಗಿತ್ತು. ಫೋಟೋ ನೋಡಿದ್ದೀರಾ?

ಲತಾ ಎಂ.: 17 ವರ್ಷದವನು ನನಗೆ ಮಗೂನೇ. ಅದಕ್ಕೂ ಆಕ್ಷೇಪಣೆ ಇದ್ರೆ ನಿಮ್ಮ ಹತ್ರ ಮಾತಾಡಿ ಪ್ರಯೋಜನ ಇಲ್ಲ.

ರವೀಂದ್ರ ಕೆ.: ಇನ್ನೊಂದು ಕರೆ ಮರೆತೇಬಿಟ್ರಿ. ಪಕ್ಕದ ಮನೆಯವರು ತುರ್ತು ಸಂಖ್ಯೆ 911ಕ್ಕೆ ಮಾಡಿದ್ದು. ಹಿನ್ನೆಲೆಯಲ್ಲಿ ಯಾರೋ ಕಿರುಚ್ತಿದ್ದಾರೆ, ಗುಂಡಿನ ಸದ್ದು ಬಂದ ಕೂಡಲೇ ಕಿರುಚಾಟ ನಿಲ್ಲುತ್ತೆ. ಗನ್ ಇದ್ದವನು ಯಾಕೆ ಕಿರುಚ್ತಾನೆ?

ಮಂಜು, ಡಲ್ಲಾಸ್: ದನಿ ಗುರುತಿಸೋಕೆ ಆ ರೆಕಾರ್ಡಿಂಗ್ ಸಾಲದು ಅಂತ ಎಫ್‌ಬಿಐ ತಜ್ಞರೇ ಹೇಳಿದ್ರು. ಕಿರುಚಿದ್ದು ಟ್ರೇವಾನ್ ಅಂತ ಹೇಳೋಕೆ ಬಂದಿದ್ದ ತಜ್ಞರನ್ನ ಜಡ್ಜ್ ಸಾಕ್ಷಿಗೇ ಬಿಡಲಿಲ್ಲ.

ರವೀಂದ್ರ ಕೆ.: ಹೆತ್ತ ತಾಯಿ ನನ್ನ ಮಗನ ದನಿ ಅಂದಳಲ್ಲ!

ಮಂಜು, ಡಲ್ಲಾಸ್: ಇಬ್ಬರು ತಾಯಂದಿರೂ ಹಾಗೇ ಅಂದ್ರು.

ಹರೀಶ್ ಬಿ.: ಶ್ರೀನಿಧಿ, ದುರುದ್ದೇಶ ಇಲ್ಲದೆ ಟೇಪ್ ತನ್ನಷ್ಟಕ್ಕೆ ತಾನೇ ಕತ್ತರಿಸಿಕೊಳ್ತಾ?

ಶ್ರೀನಿಧಿ: ಈಗ ನೀವೇ ನನ್ನ ವಾದ ಮಾಡ್ತಿದ್ದೀರಿ. ಮೊದಲು ಆ ಸಾಲು ಡಿಲೀಟ್ ಮಾಡಿ.

ಹರೀಶ್ ಬಿ.: ಮಾಡಲ್ಲ. ಬಣ್ಣದ ಮಾತು ಅವನ ಬಾಯಿಂದಲೇ ಬಂದಿದ್ದು.

ಲತಾ ಎಂ.: ಪೂರ್ತಿ ಟೇಪ್ ಪೊಲೀಸರ ಕೈಲೇ ಇತ್ತು. ಆದರೂ ಏಪ್ರಿಲ್ 11ರವರೆಗೆ ಅವನನ್ನ ಬಂಧಿಸಲಿಲ್ಲ. ಯಾಕೆ ಅಂತ ಒಬ್ರಾದ್ರೂ ಹೇಳ್ತೀರಾ?

ಮಂಜು, ಡಲ್ಲಾಸ್: ಆತ್ಮರಕ್ಷಣೆ ಅಲ್ಲ ಅನ್ನೋಕೆ ಪುರಾವೆ ಇರಲಿಲ್ಲ. 2013ರ ಜುಲೈ 13ಕ್ಕೆ ಆರು ಹೆಂಗಸರ ಜ್ಯೂರಿ ನಿರ್ದೋಷಿ ಅಂದಿತು.

ಲತಾ ಎಂ.: ನಾನು ಕೇಳಿದ್ದು ಏಪ್ರಿಲ್ ಬಗ್ಗೆ, ಜುಲೈ ಬಗ್ಗೆ ಅಲ್ಲ.